ಚೌರಪ್ಪ ಮೇಷ್ಟ್ರು ಮಾಡಿಸಿದ ರೆಕಾರ್ಡಿಂಗು

ಚೌರಪ್ಪ ಮೇಷ್ಟ್ರು ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಎದುರಿಗೆ ಯಾರೇ ಇರಲಿ, ತಲೆ ಬಲಕ್ಕೆ ತಿರುಗಿಸಿ ಎಡಗಿವಿಯನ್ನು ಮುಂದೆ ಮಾಡಿ ನಿಲ್ಲುತ್ತಿದ್ದರು. ಬಿಷಪ್ಪರು ಬಂದಾಗಲೂ ಅಷ್ಟೆ. ಕಿವುಡರೆಂದುಕೊಂಡು ಯಾರಾದರೂ ಕೂಗಿ ಮಾತಾಡಿದರೆ, “ಮೆಲ್ಲಗ್ ಮಾತಾಡು, ನಾನೇನ್ ಆಚೆ ದಡದಲ್ಲಿದ್ದೀನಾ?” ಎಂದು ಗದರುತ್ತಿದ್ದರು.

ನನ್ನನ್ನು ಕಂಡುಹಿಡಿದದ್ದೂ ಆ ಕಿವಿಯೇ. ಮದ್ದೂರಿನ ಸಂತೆಯಲ್ಲಿ ಬೀನ್ಸಿಗೆ ಚೌಕಾಸಿ ಮಾಡುತ್ತಿದ್ದೆ. ಹಿಂದಿನಿಂದ ಯಾರೋ, “ಬೀನ್ಸ್ ಕೇಳಿದ್ದು ಯಾರಮ್ಮ? ಇನ್ನೊಂದ್ಸಲ ಕೇಳು” ಎಂದರು. ನಾನು ಬಾಯಿ ಮುಚ್ಚಿಕೊಂಡೆ. ನನ್ನದು ದಪ್ಪ ದನಿ. ಶಾಲೆಯಲ್ಲಿ ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ತುಟಿ ಮಾತ್ರ ಆಡಿಸು ಎನ್ನುತ್ತಿದ್ದರು. ನನ್ನ ಹೊಲಿಗೆ ಅಂಗಡಿಗೆ ಫೋನ್ ಮಾಡುವವರು ಈಗಲೂ ‘ಸಾರ್’ ಅನ್ನುತ್ತಾರೆ.

“ಇದು ಗಂಡು ದನಿ ಅಲ್ಲ ಕಣಮ್ಮ, ಆಲ್ಟೊ ಅಂತಾರೆ. ಇದಿಲ್ದಿದ್ರೆ ಮೇಲಿನ ದನಿಗಳೆಲ್ಲ ಗಾಳೀಲಿ ನೇತಾಡ್ತವೆ. ಸನ್ವಾರ ಕೆಥೆಡ್ರಲ್‌ಗೆ ಬಾ” ಎಂದು ಮೇಷ್ಟ್ರು ಸೊಪ್ಪಿನ ಚೀಲ ಹಿಡಿದು ಹೋಗಿಬಿಟ್ಟರು.

ಹೋದೆ. ಕಿರುಗಾವಲಿನಿಂದ ಬಸ್ಸಿನಲ್ಲಿ ಬಂದು ನಮ್ಮ ಗಾಯಕವೃಂದಕ್ಕೆ ಕಲಿಸುತ್ತಿದ್ದ ಅವರು, ಹಳೆಯ ಕೀರ್ತನೆಗಳನ್ನು ಬಿಟ್ಟು ತಾವೇ ಹೊಸ ಪೂಜಾಗೀತೆಗಳನ್ನು ಕಟ್ಟುತ್ತಿದ್ದರು. ನಾಲ್ಕು ದನಿಗಳು ನಾಲ್ಕು ದಾರಿ ಹಿಡಿದು ಕೊನೆಗೆ ಒಂದೆಡೆ ಸೇರುವ ಹಾಡುಗಳು. “ಬಾಯ್ ಬುಡ್ರಮ್ಮ ದೊಡ್ಡದಾಗಿ! ಒಳಗೇನ್ ಬಂಗಾರ ಮಡಗಿದ್ದೀರಾ?” ಎಂದು ಬೈಯುತ್ತಿದ್ದರು. ನನ್ನನ್ನಂತೂ “ಲೇ ಪಿಲೋಮಿ” ಎಂದೇ ಕರೆಯುತ್ತಿದ್ದರು. ಫಿಲೋಮಿನಾ ಎಂಬ ನನ್ನ ಪೂರ್ತಿ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ.

ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ಮೇಲೆ ಅವರು ಕಟ್ಟಿದ ಹಾಡಿನಲ್ಲಿ ಎಲ್ಲರೂ ಸುಮ್ಮನಾಗಿ, ಒಂದು ದನಿ ಮಾತ್ರ ಹಾಡುವ ಜಾಗವಿತ್ತು. ಅದನ್ನು ನನಗೆ ಕೊಟ್ಟರು. ಬೇರೆ ಯಾರಿಗಾದರೂ ಕೊಡಿ ಎಂದು ಬೇಡಿಕೊಂಡೆ.

“ಆ ತಾಯಿ ಕೀಚಲು ದನೀಲಿ ಅಳ್ತಿದ್ಲಾ? ಗಂಟ್ಲು ಕಟ್ಟೋಗಿರ್ತದೆ ಕಣೇ. ಇದನ್ನ ನಿನ್ ದನಿಗೇಂತ್ಲೇ ಬರ್ದಿರೋದು.”

ನನ್ನ ದನಿಗೆಂದೇ ಯಾರಾದರೂ ಏನನ್ನಾದರೂ ಬರೆದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಷಿನ್ ತುಳಿಯುತ್ತಾ ಅದನ್ನೇ ಹಾಡಿಕೊಂಡೆ.

ಆ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡುವುದೆಂದಾಯಿತು. ಕೆಥೆಡ್ರಲ್ಲಿನ ಕಿಟಕಿಗಳನ್ನು ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರಿನಲ್ಲಿ ತೊಯ್ದು ಹಾಡಿದೆವು. ರಸ್ತೆಯಲ್ಲಿ ಕಬ್ಬಿನ ಲಾರಿ ಹೋದಾಗಲೆಲ್ಲ ಮತ್ತೆ ಮೊದಲಿನಿಂದ. ನನ್ನ ಸಾಲುಗಳು ಮುಗಿದಾಗ ಮೇಷ್ಟ್ರು ಕಣ್ಣೊರೆಸಿಕೊಂಡರು.

ಬಿಡುಗಡೆಯ ದಿನ ನನ್ನ ಗಂಡ ಇನ್ನಾಸಿ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತ. ಶನಿವಾರ ಶನಿವಾರ ಅಡಿಗೆ ಬಿಟ್ಟು ಹೋಗುತ್ತೀಯೆಂದು ಗೊಣಗುತ್ತಿದ್ದವನು ಅವನು. ತೆರೆಯ ಮೇಲೆ ನಮ್ಮೆಲ್ಲರ ಫೋಟೋ ಬಂತು. ತಾಯಿಯ ಹಾಡು ಶುರುವಾಯಿತು. ಎಲ್ಲ ದನಿಗಳೂ ನಿಂತವು. ಆಮೇಲೆ ಒಬ್ಬ ಹೆಂಗಸು ಹಾಡಿದಳು. ಜೇನಿನಂಥ ದನಿ. ನಾನಲ್ಲ.

ಹಿಂದೆ ತಿರುಗಿ ನೋಡಿದೆ. ನಮ್ಮವರೆಲ್ಲರ ಮುಖ ಬಿಳಿಚಿಕೊಂಡಿತ್ತು. ಒಂದು ದನಿಯೂ ನಮ್ಮದಾಗಿರಲಿಲ್ಲ.

ಇನ್ನಾಸಿ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. “ನಿನ್ ದನಿ ಇಷ್ಟ್ ಚೆಂದಾಗದೆ ಅಂತ ನಂಗ್ ಗೊತ್ತೇ ಇರ್ಲಿಲ್ಲ ಕಣಮ್ಮಿ” ಎಂದ.

“ಅದು ನಾನಲ್ಲ” ಎಂದೆ.

“ಫೋಟೋದಲ್ಲಿ ನೀನೇ ಅಲ್ವಾ ಇರೋದು?” ಎಂದು ನಕ್ಕ. ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ.

ಮೇಷ್ಟ್ರನ್ನು ಅಂಗಳದಲ್ಲಿ ಹಿಡಿದು ನಿಲ್ಲಿಸಿದೆ. ಅವರು ಬಚ್ಚಿಡಲಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಹಾಡುವುದೇ ಕಸುಬಾಗಿರುವವರಿಂದ ಎಲ್ಲವನ್ನೂ ಮತ್ತೆ ಹಾಡಿಸಿದ್ದರಂತೆ.

“ನಾಲ್ಕ್ ದನಿ ಕೂಡೋ ಆ ನಾದಾನ ನಲವತ್ ವರ್ಸದಿಂದ ತಲೇಲಿ ಇಟ್ಕಂಡಿದ್ದೆ. ಸಾಯೋದ್ರೊಳ್ಗೆ ಒಂದ್ಸಲ ಅಂಗಂಗೇ ಕೇಳ್ಬೇಕು ಅನ್ನಿಸ್ತು.”

“ನನ್ ದನಿಗೇಂತ ಬರ್ದಿರೋದು ಅಂದಿದ್ರಿ.”

“ಬರೆಯೋವಾಗ ಅದ್ ನಿಜಾನೇ ಕಣಮ್ಮ” ಎಂದರು. ಸುಳ್ಳು ಹೇಳಿದ್ದೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಾನು ಹಾಡುವುದನ್ನು ಬಿಟ್ಟೆ. ಇನ್ನಾಸಿಗೆ ಎಷ್ಟೋ ಸಲ ಹೇಳಿದೆ, ಕೊನೆಗೆ ನಂಬಿದ. ನಂಬಿದ ಮೇಲೆ ಆ ಹಾಡನ್ನು ಫೋನಿನಿಂದ ಅಳಿಸಿಹಾಕಿದ. ಆ ಹಾಡಿನ ಮಾತನ್ನು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕಿದರು. ಸೊರಗಿಹೋಗಿದ್ದರು. ಹೊಸದೊಂದು ಹಾಡು ಕಟ್ಟಿದ್ದೇನೆ, ಆಲ್ಟೊ ಸಾಲು ನಿನಗೇ, ಈ ಸಲ ಮೋಸವಿಲ್ಲ ಎಂದರು. ಗುನುಗಿಯೂ ತೋರಿಸಿದರು. ಎಂಥ ಹಾಡು! ನನ್ನ ಗಂಟಲು ತಾನಾಗಿಯೇ ಅದರ ಹಿಂದೆ ಹೊರಟಿತು. ಹಲ್ಲು ಕಚ್ಚಿ ತಡೆದೆ.

“ಇಲ್ಲ ಮೇಷ್ಟ್ರೇ, ನನ್ ಕೈಲಾಗಲ್ಲ” ಎಂದೆ.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬಹುಶಃ ಹೋಗಿಬಿಡುತ್ತಿದ್ದೆ.

ಅವರು ಮೊದಲ ಬಾರಿಗೆ ನನ್ನ ಮುಖ ನೋಡಿ, “ಆಗ್ಲಿ ಫಿಲೋಮಿನಾ ಅವ್ರೇ, ನಿಮ್ಮಿಷ್ಟ” ಎಂದು ಹೇಳಿ ಕಿರುಗಾವಲಿನ ಬಸ್ಸು ಹತ್ತಿದರು.