ಹೊಳೆಗೆ ಬೀಗರು ಬಂದ ದಿನ

ಹೊಳೆಆಲೂರಿನಿಂದ ತುಸು ಆಚೆ, ಹಳ್ಳ ಬಂದು ಮಲಪ್ರಭೆಯನ್ನು ಕೂಡುವಲ್ಲಿ, ಅವತ್ತು ಇದ್ದವರು ಇವರು: ನೀರಿನ ಪರೀಕ್ಷೆಗೆಂದು ಜೀಪಿನಲ್ಲಿ ಬಂದ ಒಬ್ಬ ಹೆಣ್ಣುಮಗಳು ಅಧಿಕಾರಿ, ಅವರ ಹಿಂದೆ ಬಾಟಲಿ ಪೆಟ್ಟಿಗೆ ಹೊತ್ತ ಒಬ್ಬರು, ದಾರಿ ತೋರಿಸಲೆಂದು ರೋಣದಲ್ಲಿ ಅದೇ ಜೀಪು ಹತ್ತಿದ ನಾನು. ದಂಡೆಯ ಮೇಲೆ ನಮಗಾಗಿ ಕಾದಿದ್ದವಳು ನಮ್ಮ ದೊಡ್ಡವ್ವ, ಅವಳ ಬೆನ್ನಿಗೆ ಓಣಿಯ ಹೆಣ್ಣುಮಕ್ಕಳು. ನೀರಿನ ಅಂಚಿನಲ್ಲಿ, ಹರಗೋಲಿಗೆ ಕೈಯೂರಿ, ಅಂಬಿಗರ ಕಾಕಾ. ಒಗೆದ ಧೋತರ ಉಟ್ಟು ರುಮಾಲು ಸುತ್ತಿದ್ದ. ಮೀನು ಹಿಡಿಯುವ ಕಾಕಾನನ್ನು ರುಮಾಲಿನಲ್ಲಿ ನಾನು ಕಂಡದ್ದು ಮದುವೆಮನೆಗಳಲ್ಲಿ ಮಾತ್ರ.

ಅವರೆಲ್ಲ ಯಾಕೆ ಸೇರಿದ್ದರೆಂಬುದನ್ನು ಮೊದಲು ಹೇಳಬೇಕು. ಹಳ್ಳ ಮತ್ತು ಹೊಳೆ ಕೂಡುವ ಕಡೆ ಒಂದು ಆಳವಾದ ಮಡುವಿದೆ. ಹೊಸ ನೀರು ಬಂದಾಗ ಮೀನುಗಳು ತತ್ತಿ ಇಡಲು ಅಲ್ಲಿಗೇ ಬರುತ್ತಿದ್ದವು. ಕಾಕಾನ ಅಪ್ಪ, ಅಜ್ಜ ಎಲ್ಲರ ಬಲೆಯೂ ಆ ಮಡುವಿನದೇ. ಈಚೆಗೆ ಮೇಲಿನ ಊರುಗಳ ಗಟಾರವನ್ನೆಲ್ಲ ಹಳ್ಳ ಹೊತ್ತು ತರತೊಡಗಿತು. ಬಿಸಿಲು ಏರಿತೆಂದರೆ ಮಡುವಿನ ಮೇಲೆ ಹಸಿರು ಪಾಚಿ, ನಡುನಡುವೆ ಹೊಟ್ಟೆ ಮೇಲಾಗಿ ತೇಲುವ ಮೀನು.

ನೀರು ನೋಡುವ ಸ್ವಯಂಸೇವಕರ ಗುಂಪೊಂದಿತ್ತು, ಅದರಲ್ಲಿ ನಾನೂ ಇದ್ದೆ. ಅಮಾವಾಸ್ಯೆಗೊಮ್ಮೆ ಕಾಕಾನ ಹರಗೋಲು ಹತ್ತುವುದು, ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯನ್ನು ಇಳಿಬಿಟ್ಟು ಎಷ್ಟು ಆಳಕ್ಕೆ ಅದು ಮರೆಯಾಗುತ್ತದೆಂದು ನೋಡುವುದು, ಸೀಸೆಯ ನೀರಿಗೆ ಔಷಧದ ಹನಿ ಹಾಕಿ ಬಣ್ಣ ನೋಡುವುದು. ಮೀನು ಉಸಿರಾಡುವಷ್ಟು ಗಾಳಿ ನೀರಿನಲ್ಲಿ ಉಳಿದಿದೆಯೋ ಇಲ್ಲವೋ ಆ ಬಣ್ಣ ಹೇಳುತ್ತದೆ. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ ಚೇಷ್ಟೆ ಮಾಡಲು ಕಾಕಾ, ನಾನು ಸಿಕ್ಕರೆ ಸಾಕಿತ್ತು.

“ಹೊಳಿ ಡಾಕ್ಟರ್ ಬಂದ್ರು ನೋಡ್ರೇ! ನಾಡಿ ಹಿಡಿದಾತಿಲ್ಲೋ, ಒಂದ ಇಂಜೆಕ್ಷನ್ ಮಾಡ್ರಿ!”

“ಇಂಜೆಕ್ಷನ್ ನಿಮಗ ಮಾಡಸ್ತೀನಿ,” ಎನ್ನುತ್ತಿದ್ದ ಕಾಕಾ, “ಮೊದಲ ಆ ಸಬಕಾರ ಕಡಿಮಿ ತಿಕ್ಕರಿ.”

ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸುತ್ತಿದ್ದ: “ಬರದ ಕಳಸು ತಮ್ಮಾ. ಹೊಳಿಗೆ ಉಸಿರ ಕಟ್ಟಾಕತ್ತೇತಿ ಅಂತ ಬರಿ.”

ನೀರು ಪರೀಕ್ಷಿಸುವ ಇಲಾಖೆಗೆ ಬರೆದು ಕಳಿಸಿದೆ, ಮತ್ತೆ ಮತ್ತೆ ಕಳಿಸಿದೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಫೋನು ಬಂತು. ಅಧಿಕಾರಿಗಳೇ ಬಂದು ನೀರು ತುಂಬಿಕೊಂಡು ಹೋಗುತ್ತಾರೆ. ಅವರ ಬಾಟಲಿಯಲ್ಲಿ ಕೆಟ್ಟ ನೀರೆಂದು ತೋರಿದರೆ ಗಟಾರ ಬಿಡುವವರಿಗೆ ನೋಟೀಸು ಹೋಗುತ್ತದೆ. ಕಾಕಾನ ಮಡು ಬದುಕುವುದಿದ್ದರೆ ಅದೊಂದೇ ದಾರಿ. ನಾನು ಖುಷಿಯಲ್ಲಿ ದೊಡ್ಡವ್ವನಿಗೆ ಫೋನು ಹಚ್ಚಿ, “ಸೋಮವಾರ ಹೊಳಿ ನೋಡಾಕ ದೊಡ್ಡವರು ಬರ್ತಾರ” ಎಂದಷ್ಟೇ ಹೇಳಿದೆ. ಮುಂದೆ ಹೇಳುವುದೇನಾದರೂ ಇದೆಯೆಂದು ನನಗೆ ಅನಿಸಲಿಲ್ಲ.

ನಮ್ಮ ಕಡೆ ಬರುವವರಿದ್ದಾರೆ ಎಂದರೆ ಮೊದಲು ಕೈಗೆ ಬರುವುದು ಕಸಬರಿಗೆ. ಜೀಪಿನಿಂದ ಇಳಿದು ನೋಡುತ್ತೇನೆ, ದಂಡೆಯೆಲ್ಲ ಸೆಗಣಿ ಸಾರಿಸಿದೆ, ಅದರ ಮೇಲೆ ರಂಗೋಲಿ. ಮಡುವಿನಲ್ಲಿ ಪಾಚಿ ಹೆಸರಿಗೂ ಇಲ್ಲ. ವಾಸನೆ ಇಲ್ಲ.

“ಬರ್ರಿ ಯವ್ವಾ, ಬರ್ರಿ, ಕೈಕಾಲಿಗೆ ನೀರ ತಗೋರಿ,” ಎಂದು ದೊಡ್ಡವ್ವ ತಂಬಿಗೆ ಮುಂದೆ ಹಿಡಿದಳು. ಎದುರಿಗೇ ಹೊಳೆ ಹರಿಯುತ್ತಿದೆ, ಅಧಿಕಾರಿಗೆ ತಂಬಿಗೆಯ ನೀರು!

ನಾನು ಅವಳನ್ನು ಪಕ್ಕಕ್ಕೆ ಕರೆದೆ. “ದೊಡ್ಡವ್ವಾ, ಏನ ಮಾಡೀರಿ ಇದು?”

“ಏನ ಮಾಡೂದೋ? ಬೀಗರು ಬಂದಾಗ ಹಿತ್ತಲ ಕಸ ತೋರಸ್ತಾರೇನ? ಪಾಚಿ ಎಲ್ಲಾ ಬುಟ್ಟಿಲೆ ತಗದ ಒಗದ್ವಿ. ಕೆನಾಲ ನೀರಗಂಟಿಗೆ ಕೈಮುಗದು ನಿನ್ನಿ ಮುಂಜಾನಿಂದ ಹಳ್ಳಕ್ಕ ಚಲೋ ನೀರ ಬಿಡಿಸೇವಿ. ನೋಡ, ಮದಲಗಿತ್ತಿ ಕಂಡಂಗ ಕಾಣತೈತಿ ಹೊಳಿ!”

“ಕಾಕಾ, ನೀನೂ ಕೈ ಹಚ್ಚಿದೇನ?”

“ಮತ್ತ? ಸತ್ತ ಮೀನ ಆರಿಸಿ ಹುಗದಾವ ನಾನ. ಉಣ್ಣಾಕ ಬಂದವರನ್ನ ಆ ನಾತದಾಗ ಕುಂದ್ರಸಬೇಕೇನ?”

ಅಧಿಕಾರಿಯನ್ನೂ ನನ್ನನ್ನೂ ಕೂರಿಸಿಕೊಂಡು ಹರಗೋಲು ಮಡುವಿನ ನಡುವಿಗೆ ಹೋಯಿತು. ಬಿಳಿ ತಟ್ಟೆ ಇಳಿಯಿತು, ಇನ್ನೂ ಇಳಿಯಿತು, ಕಾಣುತ್ತಲೇ ಇತ್ತು. “ನೋಡ್ರಿ ಬಾಯಾರ, ಎಷ್ಟ ತಿಳಿ ಐತಿ!” ಎಂದ ಕಾಕಾ. ಮಗಳನ್ನು ತೋರಿಸುವ ಅಪ್ಪನ ಹಾಗಿತ್ತು ಅವನ ಮುಖ. ಅಧಿಕಾರಿ ಮಡುವಿನಲ್ಲಿ ಒಂದು ಬಾಟಲಿ ತುಂಬಿದರು. ನಾನು ಒತ್ತಾಯ ಮಾಡಿದ್ದಕ್ಕೆ ಹಳ್ಳದೊಳಗೂ ಹೋಗಿ ಒಂದು ತುಂಬಿದರು. ಅಲ್ಲಿ ಹರಿಯುತ್ತಿದ್ದದ್ದೂ ಕೆನಾಲಿನ ನೀರೇ.

“ಬಾಯಾರ, ಇದು ನಿಮಗಂತ ತೊಳದಿಟ್ಟ ನೀರ,” ಎಂದೆ. “ನಮ್ಮ ಹೊಳಿ ಹಿಂಗಿಲ್ರಿ.”

ಅವರು ಒಳ್ಳೆಯ ಹೆಣ್ಣುಮಗಳು. ರಂಗೋಲಿ ಕಂಡಾಗಲೇ ಅವರಿಗೆ ತಿಳಿದಿತ್ತು. “ಗೊತ್ತಾತ್ರಿ ನನಗ. ಆದ್ರ ಬಾಟಲ್ಯಾಗ ಇದ್ದದ್ದ ಬಿಟ್ಟು ನಾ ಬ್ಯಾರೆ ಏನ ಬರೀಲಿ? ಇನ್ನೊಮ್ಮಿ ಬರ್ತೀವಿ ಅಂತ ಕೇಳಿ ನೋಡ್ತೀನಿ. ಕಳಸೂದು ಬಿಡೂದು ಮ್ಯಾಲಿನವರ ಕೈಯಾಗ.”

ಹುಟ್ಟು ಹಾಕುತ್ತಿದ್ದ ಕಾಕಾನ ಕೈ ನಿಂತಿತು. ಹರಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

“ಅಂದ್ರ, ಹೊಲಸ ಇದ್ದಿದ್ರನ ಚಲೋ ಇತ್ತೇನ?”

ಅಧಿಕಾರಿ ಬಾಟಲಿಯ ಮುಚ್ಚಳ ಬಿಗಿದರು. ಕಾಕಾ ನನ್ನ ಕಡೆ ನೋಡಿದ. “ಮೊದಲ ಹೇಳಬಾರದೇನೋ, ತಮ್ಮಾ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ; ಹುಟ್ಟು ಹಾಕಿ ಹರಗೋಲನ್ನು ದಂಡೆಯ ಕಡೆ ತಿರುಗಿಸಿದ.

ದಂಡೆಯಲ್ಲಿ ಪಂಕ್ತಿ ಹಾಕಿದ್ದರು. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. “ಇನ್ನೊಂದ ರೊಟ್ಟಿ ಹಾಕಸ್ಕೋರಿ, ನಾಚಬ್ಯಾಡ್ರಿ,” ಎನ್ನುತ್ತ ದೊಡ್ಡವ್ವ ಎಲ್ಲರ ನಡುವೆ ಓಡಾಡುತ್ತಿದ್ದಳು. ಅವಳಿಗೆ ಏನಾಯಿತೆಂದು ಹೇಳಲು ನಾನು ಎದ್ದೆ. ಕಾಕಾ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದ.

“ಆಕಿಗೆ ಹೇಳಬ್ಯಾಡ. ಈ ವಯಸ್ಸಿನ್ಯಾಗ ನಡಾ ಬಗ್ಗಿಸಿ ದಂಡಿ ಸಾರಿಸ್ಯಾಳ. ಉಣ್ಣು.”

ಅವನು ಹೇಳಿದ ಹಾಗೆ ಉಂಡೆ. ಅವತ್ತಿನ ಎಣ್ಣೆಗಾಯಿಯ ರುಚಿ ಹೇಗಿತ್ತೆಂದು ಈಗ ಯಾರಾದರೂ ಕೇಳಿದರೆ ಹೇಳಲಾರೆ.

ವರದಿ ಬಂತು: ನೀರು ಮೀನಿಗೂ ಬಳಕೆಗೂ ಯೋಗ್ಯ. ದೊಡ್ಡವ್ವ ಓಣಿಯಲ್ಲೆಲ್ಲ “ನಮ್ಮ ಹೊಳಿ ಪಾಸಾತು” ಎಂದು ಹೇಳಿಕೊಂಡು ಬಂದಳು, ಬೆಲ್ಲ ಹಂಚಿದಳು. ಕಾಕಾನೂ ಒಂದು ತುಣುಕು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಮತ್ತೊಮ್ಮೆ ಬಂದು ನೋಡಿ ಎಂದು ನಾನು ಬರೆದದ್ದಕ್ಕೆ, ಆ ಜಾಗವನ್ನು ಈಗಷ್ಟೇ ನೋಡಿಯಾಗಿದೆ, ಸರದಿ ಬಂದಾಗ ಬರುತ್ತೇವೆ ಎಂಬ ಉತ್ತರ ಸಿಕ್ಕಿತು. ಆ ಅಧಿಕಾರಿಗೆ ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿತ್ತು.

ಕೆನಾಲಿನ ನೀರು ನಿಂತದ್ದೇ ಹಳ್ಳದಲ್ಲಿ ಮತ್ತೆ ಗಟಾರ ಹರಿದು ಬಂತು. ಆ ಬೇಸಿಗೆಯ ಕೊನೆಗೆ ಮಡುವಿನ ಮೀನೆಲ್ಲ ಸತ್ತವು, ಮರಿಗಳೂ ಉಳಿಯಲಿಲ್ಲ. ಕಾಕಾ ಹರಗೋಲನ್ನು ಹೊಳೆಮಣ್ಣೂರಿನ ಒಬ್ಬರಿಗೆ ಕೊಟ್ಟುಬಿಟ್ಟ. ಮಳೆ ಹಿಡಿಯುವ ಹೊತ್ತಿಗೆ ರೋಣದ ಸಂತೆಯಲ್ಲಿ ಕೂರಲು ಶುರುಮಾಡಿದ. ಸಮುದ್ರದ ಕಡೆಯಿಂದ ಐಸಿನ ಪೆಟ್ಟಿಗೆಯಲ್ಲಿ ಬರುವ ಮೀನನ್ನು ಮಾರುತ್ತಾನೆ.