ಪಾಸಾದ ಮೇಲೂ ಶಾಲೆಗೆ ಹೋದ ಅಕ್ಕ

ಮೊನ್ನೆ ಭುಜನೋವೆಂದು ಮೂಡುಬಿದಿರೆಯ ಫಿಸಿಯೋಥೆರಪಿ ಹುಡುಗಿಯ ಬಾಗಿಲಿಗೆ ಹೋದರೆ ಬೀಗ. ‘ತರಬೇತಿಗೆ ಹೋಗಿದ್ದೇನೆ, ಸೋಮವಾರ ಸಿಗುತ್ತೇನೆ’ ಎಂದು ಬರೆದ ಚೀಟಿ ಅಂಟಿಸಿತ್ತು. ನನ್ನ ಹಾಗೆಯೇ ಬಂದಿದ್ದ ತೋಡಾರಿನ ಹೆಂಗಸೊಬ್ಬರು, “ಇಷ್ಟು ಕಲಿತವರಿಗೆ ಇನ್ನೆಂಥ ತರಬೇತಿ? ಸರಿಯಾಗಿ ಗೊತ್ತಿಲ್ಲವೋ ಏನೋ,” ಎಂದು ಗೊಣಗಿದರು. ಎದುರಿನ ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಬರುತ್ತಿತ್ತು. ಆ ಮಾತೂ ಈ ವಾಸನೆಯೂ ಜೊತೆಯಾಗಿ ಬಂದರೆ ನಾನು ನೆಟ್ಟಗೆ ಬಂಟ್ವಾಳದ ನಮ್ಮ ಹೋಟೆಲಿಗೆ ಹೋಗಿ ಕೂತುಬಿಡುತ್ತೇನೆ. ನೀವೂ ಬನ್ನಿ, ಬೆಂಚು ಉದ್ದಕ್ಕೇ ಉಂಟು.

ಅಪ್ಪನ ಆ ಹೋಟೆಲಿಗೆ ಬೋರ್ಡು ಇರಲಿಲ್ಲ, ಅವರ ಗೋಳಿಬಜೆಯೇ ಬೋರ್ಡು. ಹುಳಿ ಬಂದ ಹಿಟ್ಟನ್ನು ಬೆರಳ ತುದಿಯಲ್ಲಿ ಎತ್ತಿ, ಹೆಬ್ಬೆರಳಿನಿಂದ ಜಾರಿಸಿ ಎಣ್ಣೆಗೆ ಬಿಟ್ಟರೆ ಗುಂಡಗೆ, ಒಂದರ ಹಾಗೆ ಇನ್ನೊಂದು. ಬೆಳ್ತಂಗಡಿ ಬಸ್ಸಿನ ಡ್ರೈವರು ಎಂಜಿನ್ ಬಿಸಿಯಾಗಿದೆ ಎಂದು ಸುಳ್ಳು ಹೇಳಿ ಅಲ್ಲೇ ಬಸ್ಸು ನಿಲ್ಲಿಸುತ್ತಿದ್ದ. ಪ್ರಯಾಣಿಕರಿಗೂ ಆ ಸುಳ್ಳು ಇಷ್ಟವೇ. ನನ್ನ ಅಕ್ಕ ಸುಮತಿ ಐವತ್ತರ ದಶಕದ ಕೊನೆಗೆ ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಫಿಸಿಯೋಥೆರಪಿ ಕಲಿತು ಬಂದು, ಮೂಡುಬಿದಿರೆಯ ಆಸ್ಪತ್ರೆಯೊಂದನ್ನು ಸೇರಿದ್ದಳು. ಆ ವಿದ್ಯೆಯ ಹೆಸರಿಗೆ ನಾಲಿಗೆ ಹೊರಳದೆ ಊರವರು ಅವಳನ್ನು ‘ಕೈಕಾಲು ಆಡಿಸುವ ಟೀಚರು’ ಎಂದರು. ನಾನು ಬರೀ ಟೀಚರು, ಮಕ್ಕಳ ಬಾಯಿಯನ್ನೂ ಸರಿಯಾಗಿ ಆಡಿಸಲು ಬಾರದವನು.

ಕೆಲವು ವರ್ಷ ಕಳೆದು ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಬಂತು, ನಡಿಗೆ ಬಂತು, ಬಲಗೈ ಮಾತ್ರ ಬರಲಿಲ್ಲ. ಅಕ್ಕ ಭಾನುವಾರ ಬಸ್ಸಿನಲ್ಲಿ ಬಂದು ಕಲಿತ ಪ್ರಕಾರ ಕೈ ಎತ್ತಿಸುವಳು, ಇಳಿಸುವಳು, ಮಡಚುವಳು. ಅಪ್ಪ ಸೂರಿನ ಹಂಚು ನೋಡುತ್ತ ಕೂತಿರುವರು. ಎಡಗೈಯಲ್ಲಾದರೂ ಊಟ ಮಾಡಿ ಎಂದರೆ, ಅದಕ್ಕಿಂತ ಉಪವಾಸ ಒಳ್ಳೆಯದು ಎಂಬ ಹಟ. ಹಾಗಾಗಿ ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಹೋಟೆಲಿಗೆ ಗೊತ್ತುಮಾಡಿದ ಅಡುಗೆಯವನ ಗೋಳಿಬಜೆಯನ್ನು ಗಿರಾಕಿಗಳು ಮಾತಿಲ್ಲದೆ ತಿಂದು ಏಳುವುದನ್ನು ಅಪ್ಪ ನೋಡುತ್ತಿದ್ದರು. ಒಂದು ಸಂಜೆ ನನ್ನನ್ನು ಕರೆದು, “ನನ್ನ ಕೈಯೇ ಹೋದ ಮೇಲೆ ಹೋಟೆಲು ಯಾಕೆ ಮಾರಾಯ? ದೀಪಾವಳಿ ಕಳೆದು ಯಾರಿಗಾದರೂ ಕೊಟ್ಟುಬಿಡುವ,” ಎಂದರು. ನನಗೆ ಅಳು ಬಂತು.

ಅದೇ ಹೊತ್ತಿಗೆ ಅಕ್ಕನಿಗೆ ಬೊಂಬಾಯಿಯ ಅವಳ ಶಾಲೆಯಿಂದ ಕರೆ ಬಂತು. ಹಳೆಯ ವಿದ್ಯಾರ್ಥಿಗಳು ಬಂದು ಹೊಸ ವಿದ್ಯೆ ಕಲಿತು ಹೋಗಬೇಕಂತೆ. ನಮ್ಮ ಊರಿನಲ್ಲಿ ಪಾಸಾದವರು ಪುನಃ ಶಾಲೆಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ಹುಡುಗಿ ಫೇಲ್ ಆಗಿದ್ದಾಳೆ ಎಂದು ಪೇಟೆಯೇ ತೀರ್ಮಾನಿಸಿತು. ನರಿಕೊಂಬಿನಿಂದ ದಿನಾ ಚಹಾಕ್ಕೆ ಬರುವ ಶೀನಪ್ಪಣ್ಣನಂತೂ, ಸೆಪ್ಟೆಂಬರ್ ಪರೀಕ್ಷೆಯಲ್ಲಿ ಪಾಸಾಗ್ತಾಳೆ ಬಿಡಿ ಎಂದು ಅಪ್ಪನ ಬೆನ್ನು ಸವರಿದ. ವರ್ಷಗಟ್ಟಲೆ ಒಂದೇ ಪಾಠವನ್ನು ಒಂದೇ ರಾಗದಲ್ಲಿ ಹೇಳುತ್ತಿದ್ದ ನನಗೂ ಅಕ್ಕನ ಪ್ರಯಾಣ ವಿಚಿತ್ರವಾಗಿಯೇ ಕಂಡಿತು.

ಅಕ್ಕ ವಾಪಸಾದವಳು ಚೀಲವನ್ನೂ ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು. ಕೈಗೆ ಅದರ ಹಳೆಯ ಕೆಲಸವೇ ಮದ್ದು, ಬಡಗಿಗೆ ಉಳಿ ಕೊಡಬೇಕು, ದರ್ಜಿಗೆ ಕತ್ತರಿ ಕೊಡಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಕೈ ಸುಡದಿರಲೆಂದು ಬಾಣಲೆಯಲ್ಲಿ ಎಣ್ಣೆಯ ಬದಲು ತಣ್ಣೀರು ತುಂಬಿಸಿ, ಪಕ್ಕದಲ್ಲಿ ಗೋಳಿಬಜೆ ಹಿಟ್ಟು ಇಟ್ಟು, ಅಪ್ಪನನ್ನು ಕೂರಿಸಿದಳು. “ಹಿಟ್ಟನ್ನು ನೀರಿಗೆ ಬಿಡ್ಲಿಕ್ಕೆ ಬೊಂಬಾಯಿಗೆ ಹೋಗಬೇಕಿತ್ತಾ ಮಾರಾಯ್ತಿ?” ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಮೊದಲ ದಿನ ಹಿಟ್ಟು ಇಡೀ ಮುದ್ದೆಯಾಗಿ ದೊಪ್ಪೆಂದು ಬಿತ್ತು. ಆದರೆ ಅಪ್ಪ ಹಂಚು ನೋಡಲಿಲ್ಲ, ಹಿಟ್ಟನ್ನೇ ನೋಡಿದರು, ತೀರಾ ದಪ್ಪ ಕಲಸಿದ್ದೀರಿ ಎಂದು ಬೈದರು. ಅಕ್ಕ ನನ್ನ ಕಡೆ ತಿರುಗಿ ನಕ್ಕಳು.

ಆಮೇಲೆ ದಿನಾ ಅದೇ. ನೀರಿಗೆ ಬಿದ್ದ ಹಿಟ್ಟು ತಿಂದು ನಮ್ಮ ಎಮ್ಮೆ ಮೈತುಂಬಿಕೊಂಡಿತು. ಅಕ್ಕ ಇಲ್ಲದ ದಿನ ನನ್ನದು ಕಾವಲಿನ ಕೆಲಸ, ಅಪ್ಪನಿಗಲ್ಲ, ಅಮ್ಮನಿಗೆ. ಸಹಾಯ ಮಾಡಬಾರದೆಂದು ಅಕ್ಕನ ಕಟ್ಟಪ್ಪಣೆ. ಅಮ್ಮನೋ ಸೆರಗಿನಡಿಯಿಂದ ಕೈ ಚಾಚುತ್ತಲೇ ಇರುವಳು. ಗಂಡ ಒದ್ದಾಡುವಾಗ ಸುಮ್ಮನೆ ಕೂರುವುದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಒಂದು ಭಾನುವಾರ ಅಕ್ಕ ಹೋಟೆಲಿನಲ್ಲಿ ಬಾಣಲೆಗೆ ಎಣ್ಣೆಯನ್ನೇ ಹೊಯ್ದಳು. ಅವಳು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಕಾಣುತ್ತಿತ್ತು. ಅಪ್ಪ ಹಿಟ್ಟೆತ್ತಿದರು. ಬೆರಳು ನಡುಗಿತು, ಹೆಬ್ಬೆರಳು ಅಲ್ಲಾಡಿತು, ಹಿಟ್ಟು ಜಾರಿತು. ಗುಂಡಗಾಗಲಿಲ್ಲ, ಹಿಂದೆ ಒಂದು ಬಾಲ. ಎಲ್ಲವಕ್ಕೂ ಬಾಲವೇ. ಶೀನಪ್ಪಣ್ಣ ಒಂದನ್ನು ಎತ್ತಿ ತಿರುಗಿಸಿ ನೋಡಿ ತಿಂದ, ಇನ್ನೊಂದು ಪ್ಲೇಟು ಕೇಳಿದ. ಮಗಳು ಅಂತೂ ಪಾಸಾದಳಾ ಎಂದೂ ಕೇಳಿದ.

“ಅವಳು ಮೊದಲೇ ಪಾಸು ಶೀನಪ್ಪ,” ಎಂದರು ಅಪ್ಪ. “ಫೇಲಾದದ್ದು ನನ್ನ ಕೈ. ಅದಕ್ಕೋಸ್ಕರ ಅವಳು ಪುನಃ ಶಾಲೆಗೆ ಹೋದದ್ದು.”

ಆ ಮಧ್ಯಾಹ್ನ ಅಪ್ಪ ಬಲಗೈಯಲ್ಲೇ ಉಂಡರು. ಅರ್ಧ ಅನ್ನ ನೆಲಕ್ಕೆ ಬಿತ್ತು. ಅಮ್ಮ ಹಿತ್ತಿಲ ಬಾವಿಕಟ್ಟೆಗೆ ಹೋಗಿ ಅತ್ತು, ಮುಖ ತೊಳೆದು ಬಂದು ಸಾರು ಬಡಿಸಿದಳು. ದೀಪಾವಳಿ ಕಳೆಯಿತು, ಹೋಟೆಲನ್ನು ಯಾರಿಗೂ ಕೊಡಲಿಲ್ಲ. ಬೆಳ್ತಂಗಡಿ ಬಸ್ಸಿನ ಎಂಜಿನ್ ಪುನಃ ಬಿಸಿಯಾಗತೊಡಗಿತು.

ಬೀಗದ ಮುಂದೆ ನಿಂತು ಇಷ್ಟನ್ನೂ ತೋಡಾರಿನ ಹೆಂಗಸಿಗೆ ಹೇಳಿದೆ. ಅವರು ಚೀಟಿಯನ್ನು ಇನ್ನೊಮ್ಮೆ ಓದಿ, “ಹಾಗಾದರೆ ಸೋಮವಾರವೇ ಬರುವ,” ಎಂದು ಬಸ್ಸು ಹಿಡಿದರು. ನಾನು ಎದುರಿನ ಹೋಟೆಲಿಗೆ ಹೋದೆ. ಪ್ಲೇಟಿನಲ್ಲಿ ಒಂದಕ್ಕೆ ಬಾಲವಿತ್ತು. ಮೊದಲು ಅದನ್ನೇ ಎತ್ತಿಕೊಂಡೆ, ನೋಯುವ ಕೈಯಲ್ಲೇ.