ರಾಣಿಯರ ಜವಾಬು

ಮೆಹಬೂಬಬೀ ಅಕ್ಕೋರು ಸತ್ತವರ ಮೇಲಿನ ದೂರು ಓದುವ ಮುಂಚೆ ಅವರಿಗೊಂದು ಜಮಖಾನ ಹಾಸುತ್ತಿದ್ದರು. ತಾಳಿಕೋಟೆಯ ಅವರ ಮನೆಗೆ ಮೊದಲ ಸಲ ಹೋದಾಗ ನಾನು ತಿಳಿಯದೆ ಅದರ ಮೇಲೇ ಕುಳಿತೆ.

"ಏಳ್ರಿ ಮಾಸ್ತರ, ಅವ್ರು ನಿಂತಾರ," ಎಂದರು.

ಮಟಮಟ ಮಧ್ಯಾಹ್ನ. ಮನೆಯಲ್ಲಿ ನಾವಿಬ್ಬರೇ. ನಾನು ದಡಕ್ಕನೆ ಎದ್ದೆ.

ನಾನು ಸಿಂದಗಿಯಲ್ಲಿ ಕನ್ನಡ ಮಾಸ್ತರ. ಹಳೇ ಕಾಲದ ದರ್ಬಾರಿಯೊಬ್ಬ ಫಾರಸಿಯಲ್ಲಿ ಬರೆದಿಟ್ಟ ನೆನಪುಗಳನ್ನು ಕನ್ನಡಕ್ಕೆ ತರುತ್ತೇನೆಂದು ಪ್ರಕಾಶಕರೊಬ್ಬರಿಗೆ ಜಂಬದಿಂದ ಒಪ್ಪಿಕೊಂಡಿದ್ದೆ. ಫಾರಸಿಯ ಒಂದಕ್ಷರ ನನಗೆ ಬಾರದು. ಅಕ್ಕೋರು ಅಜ್ಜನಿಂದ ಕಲಿತಿದ್ದರು. ಮುದ್ದೇಬಿಹಾಳದ ಕಡೆ ಹಳ್ಳಿ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಅವರು ಓದಿ ಅರ್ಥ ಹೇಳುವುದು, ನಾನು ಬರೆದುಕೊಳ್ಳುವುದು.

ಆ ದರ್ಬಾರಿಯ ನಾಲಗೆಗೆ ಎಲುಬಿರಲಿಲ್ಲ. ಹಿರಿಯ ರಾಣಿ ಸವತಿಯ ಮಗನ ಹಾಲಿಗೆ ವಿಷ ಹಾಕಿದಳು, ಕಿರಿಯಳು ಕುದುರೆ ಸವಾರನ ಹಿಂದೆ ಹೋದಳು ಎಂದು ಕಣ್ಣಾರೆ ಕಂಡಂತೆ ಬರೆದಿದ್ದ. ಎದುರಿನವರನ್ನು ಕರೆಯದೆ ಪಂಚಾಯ್ತಿ ಕೂಡಿಸಬಾರದು ಎನ್ನುವುದು ಅಜ್ಜನ ಕಟ್ಟಳೆಯಂತೆ. ಅಕ್ಕೋರು ಒಂದು ವಾಕ್ಯ ಓದಿ, ಜಮಖಾನದ ಕಡೆ ತಿರುಗಿ ಕಾಯುವರು. ತಲೆಯಾಡಿಸಿ ಆಮೇಲೆ ಟಿಪ್ಪಣಿ ಬರೆಯುವರು.

"ಜನಾನಾದ ಅಡಗಿ ಮನಿ ಇವ ಯಾವಾಗ ನೋಡ್ಯಾನ್ರಿ? ಇವನ ಜಹಗೀರು ಕಸಗೊಂಡಾಕಿ ಅದಽ ರಾಣಿ. ಆ ಸಿಟ್ಟಿಗೆ ಬರದಾನ."

ಜಹಗೀರಿನ ಸಂಗತಿ ಪುಸ್ತಕದ ಕೊನೆಯಲ್ಲಿ ಬರುತ್ತದೆ. ಆ ಹೊತ್ತಿಗೆ ನಾವಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ತಿಂಗಳ ಮೇಲೆ ಆ ಪುಟ ಸಿಕ್ಕಾಗ, ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಕ್ಕೋರು ನನ್ನನ್ನೇ ಪೆದ್ದನನ್ನು ನೋಡಿದಂತೆ ನೋಡಿ ಚಹಾಕ್ಕೆ ಇಡಲು ಹೋದರು.

ಒಂದು ದಿನ ಅವರು ಒಳಗೆ ನಮಾಜಿಗೆ ಹೋಗಿದ್ದರು. ವಿಷದ ಪ್ರಸಂಗದ ಕನ್ನಡ ಸರಿಬಂತೋ ಇಲ್ಲವೋ ಎಂದು ನಾನು ಗಟ್ಟಿಯಾಗಿ ಓದತೊಡಗಿದೆ. ಫ್ಯಾನ್ ನಿಂತಿತ್ತು, ಕರೆಂಟಿರಲಿಲ್ಲ. ಜಮಖಾನದ ನಡುವೆ ಮೆಲ್ಲಗೆ ತಗ್ಗು ಬಿತ್ತು, ಯಾರೋ ಮಂಡಿ ಮಡಚಿ ಕುಳಿತ ಹಾಗೆ. ನನ್ನ ಓದು ನಿಂತಿತು. ನಮಾಜು ಮುಗಿಸಿದ ಅಕ್ಕೋರ ದನಿ ಒಳಗಿನಿಂದ ಬಂತು:

"ಯಾಕ ನಿಲ್ಲಿಸಿದ್ರಿ? ಕೇಳಾಕತ್ತಾರ, ಓದ್ರಿ."

ಪ್ರಕಾಶಕರು ಟಿಪ್ಪಣಿ ಬೇಡ ಎಂದರು, ಖಾರವಿದ್ದರೇ ಪುಸ್ತಕ ಓಡುತ್ತದಂತೆ. ಜವಾಬಿಲ್ಲದೆ ಛಾಪಿಸಿದರೆ ತಾನೂ ಆ ದರ್ಬಾರಿಯ ಜೊತೆ ಸಾಕ್ಷಿ ಹೇಳಿದಂತೆ ಎಂದು ಅಕ್ಕೋರು ಅನ್ನ ಬಿಟ್ಟರು. ನಾನು ಜಗಳ ಕಾದೆ, ಹಸ್ತಪ್ರತಿ ಕೊಡುವುದಿಲ್ಲ ಎಂದೆ. ಕೊನೆಗೆ ಪ್ರತಿ ಪುಟದ ಬುಡದಲ್ಲೂ ರಾಣಿಯರ ಜವಾಬು ಅಚ್ಚಾಯಿತು. ಆ ಹೆಮ್ಮೆ ನನಗೆ ಈಗಲೂ ಇದೆ.

ಪುಸ್ತಕ ಒಯ್ದು ಕೊಡುವಾಗ ಅವರು ಹಾಸಿಗೆ ಹಿಡಿದಿದ್ದರು. ಪುಟಗಳ ಮೇಲೆ ಬೆರಳಾಡಿಸಿದರು. ನನ್ನ ಕೈ ಹಿಡಿದರು, ಅವರ ಕೈ ತಣ್ಣಗಿತ್ತು.

"ರಾಣಿಯರದಾತು. ಒಬ್ಬಾಕಿನಽ ಬಾಳಿದ ಹೆಣ್ಮಗಳು ಸತ್ತಳಂದ್ರ ಊರಿಗೆ ಬಾಯಿ ಬರತೈತಿ, ಮಾಸ್ತರ. ಅವತ್ತ ನನ್ನ ಕಡಿಂದ ನೀವು ಮಾತಾಡ್ರಿ."

ಹೂಂ ಎಂದೆ.

ಅವರ ಮಣ್ಣು ಮುಗಿಸಿ ಬಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕುಳಿತಿದ್ದೆವು. ಅವರ ಜೊತೆ ಕೆಲಸ ಮಾಡಿದ್ದ ಒಬ್ಬ ಮಾಸ್ತರ, ಆಕೆ ಲಗ್ನವಾಗದೆ ಉಳಿದದ್ದು ಸುಮ್ಮನೆ ಅಲ್ಲ ಎಂದು ಶುರುಮಾಡಿದ. ಹೊಳೆಯಾಚೆಯ ಶಾಲೆಯ ಹೆಡ್ ಮಾಸ್ತರನೊಬ್ಬನ ಸುದ್ದಿ ತೆಗೆದ. ಅಕ್ಕೋರು ಹೊಳೆ ದಾಟಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಅದು ನನಗೆ ಗೊತ್ತಿತ್ತು. ಉಳಿದವರು ನಕ್ಕರು. ಹಿರಿಯ ಮನುಷ್ಯ, ನಾಳೆ ಮುಖ ನೋಡಬೇಕಾದವನು ಎಂದುಕೊಂಡು ನಾನು ಚಹಾ ಕುಡಿದೆ. ಥೂ ನನ್ನ ಜನ್ಮಕ್ಕೆ.

ಸಿಂದಗಿ ಬಸ್ಸು ತುಂಬಿತ್ತು. ನನ್ನ ಪಕ್ಕದ ಸೀಟಿಗೆ ಮಾತ್ರ ಯಾರೂ ಬರಲಿಲ್ಲ. ದಾರಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಅಲ್ಲಿಯವರೆಗೆ ಬಂದು, "ಕುಂದರ್ರಿ ಅಕ್ಕೋರ, ನಾ ನಿಲ್ತೇನಿ," ಎಂದು ಹಿಂದಕ್ಕೆ ಸರಿದಳು.

ಸಿಂದಗಿ ಬರುವವರೆಗೆ ನಾನು ಆ ಕಡೆ ಮುಖ ತಿರುಗಿಸಲಿಲ್ಲ.